ಸ್ಪ್ರಿಂಗಿಗೆ ಕಟ್ಟಿದ ಜೋಲಿ

ನೂರು ವರ್ಷಕ್ಕೂ ಹಿಂದೆ ಬೇಟೆಗಾರರು ತಾಯಿ ಥೈಲಸೀನನ್ನು ಕೊಂದು, ಅದರ ಹೊಟ್ಟೆಚೀಲದಲ್ಲಿದ್ದ ಮರಿಗಳನ್ನು ಸ್ಪಿರಿಟ್ಟಿನ ಬಾಟಲಿಗೆ ಹಾಕಿದರು. ನಾಯಿಯಂಥ ಮೈ, ಬೆನ್ನಿಗೆ ಹುಲಿಪಟ್ಟೆ, ಕಾಂಗರೂವಿನಂತೆ ಚೀಲವಿದ್ದ ಟಾಸ್ಮೇನಿಯಾದ ಆ ಬೇಟೆಪ್ರಾಣಿಯ ಸಂತಾನ ಈಗ ಭೂಮಿಯ ಮೇಲಿಲ್ಲ.

ಇಪ್ಪತ್ತೊಂದರ ಲಾಕ್‌ಡೌನಿನಲ್ಲಿ, ಮಲೇಷ್ಯಾದ ಬ್ರಿಕ್‌ಫೀಲ್ಡ್ಸ್‌ನ ಬಾಡಿಗೆ ಮನೆಯಲ್ಲೇ ಕೂತು, ಸಂಶೋಧನೆಗೆಂದು ಅಂಥದೊಂದು ಮರಿಯ ಸ್ಕ್ಯಾನ್ ನೋಡುತ್ತಿದ್ದೆ. ಸುಖದ ದಿನಗಳು ಅವು. ಎಳೇ ಮಗಳು ಹಾಲು ಕುಡಿದು ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಹೆಂಡತಿ ಸಮೀಕ್ಷಾ, ಇಲ್ಲಿನವರಂತೆ ಸೂರಿನಿಂದ ಇಳಿಬಿಟ್ಟ ಸ್ಪ್ರಿಂಗಿಗೆ ಕಟ್ಟಿದ ಹಳೇ ಸೀರೆಯ ಜೋಲಿ ತೂಗುತ್ತಾ, ವಿಡಿಯೋ ಕಾಲಿನಲ್ಲಿ ನನ್ನಮ್ಮನ ಜೊತೆ ನಗುತ್ತಿದ್ದಳು.

ಸ್ಪಿರಿಟ್ ವಾಸನೆ ಬಂತು. ಸ್ಯಾನಿಟೈಸರ್ ಇರಬೇಕು ಅಂದುಕೊಂಡೆ.

"ಅಯ್ಯೋ, ಮಗು ಅವನ ಹತ್ರ ಇದ್ಯಲ್ಲೇ!" ಅಮ್ಮ ಗದರಿದಳು. "ಖಾಲಿ ಜೋಲಿ ತೂಗ್ತಾರೇನೇ? ಮಗೂಗೆ ಆಗಿಬರಲ್ಲ. ಮಲೇಷ್ಯಾಕ್ಕೆ ಹೋಗಿ ಎಲ್ಲಾ ಮರೆತ್ಯಾ? ಮೊದಲು ಬಿಚ್ಚು ಅದನ್ನ."

ಮಗಳನ್ನು ಎತ್ತಿಕೊಂಡೇ ಎದ್ದು ಹೋಗಿ ಜೋಲಿ ಹಿಡಿದೆ. ಮಗು ಇದ್ದಾಗ ಜಗ್ಗುವಷ್ಟೇ ಸ್ಪ್ರಿಂಗು ಕೆಳಕ್ಕೆ ಜಗ್ಗಿ ನಿಂತಿತ್ತು. ಸೀರೆಯ ತಳ ಬೆಚ್ಚಗಿತ್ತು. ಮಡಿಕೆ ಬಿಡಿಸಿ ನೋಡಿದೆ, ಒಳಗೆ ಏನೂ ಇರಲಿಲ್ಲ.

"ಬಿಚ್ಚು, ಸಮೀ," ಎಂದೆ.

ಅವಳು ನನ್ನ ಕೈ ಸರಿಸಿ ಮತ್ತೆ ತೂಗತೊಡಗಿದಳು.

"ಬಿಚ್ಚಲ್ಲ ರೀ. ಮರಿ ಈಗಷ್ಟೇ ಮಲಗಿದೆ."