ಕೆಂಪು ಗಾಡಿಯ ಮುಚ್ಚಳ

ಕೆಂಪು ಗಾಡಿ ಎರಡು ಸಲ ಕೆಮ್ಮಿತು, ಮೂರನೆಯ ಸಲ ಬಿಕ್ಕಿತು, ಯಲ್ಲಾಪುರ ರಸ್ತೆಯ ತಿರುವಿನಲ್ಲಿ ಗಪ್ಪನೆ ನಿಂತಿತು.

ಕಾಡೂ ಗಪ್ ಆಯಿತು. ಎಷ್ಟು ಗಪ್ ಎಂದರೆ, ಸೀಟುಗಳ ಹಿಂದೆ ಸಾಮಾನು ಇಡುವ ಸಂದಿಯಲ್ಲಿ ಸ್ಕೂಲ್ ಬ್ಯಾಗಿನ ಜೊತೆ ಮಡಚಿಕೊಂಡು ಕೂತಿದ್ದ ಚೇತನಾಳ ಎದೆಬಡಿತ ಸಿರ್ಸಿ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಡೊಳ್ಳು ಎಲ್ಲಿ ಬಾರಿಸ್ತಿದ್ದಾರೆ ಎಂದು ಅಲ್ಲಿ ಇಬ್ಬರು ಕಂಡಕ್ಟರುಗಳು ಕಿವಿಗೊಟ್ಟು ನಿಂತರು. ನಂಬದವರು ಹೋಗಿ ಅವರನ್ನೇ ಕೇಳಬಹುದು.

ಗಾಡಿಯ ಯಜಮಾನ ಸಂಗಯ್ಯನವರು ಬಾಗಿಲು ತೆಗೆದು ಇಳಿದರು. ಅವರ ಮೀಸೆಯ ಒಂದು ತುದಿ ಸಿರ್ಸಿಯಲ್ಲಿದ್ದರೆ ಇನ್ನೊಂದು ಬನವಾಸಿಯಲ್ಲಿರುತ್ತದೆ. ಆ ಮೀಸೆ ಈಗ ನಡುಗುತ್ತಿತ್ತು.

"ನಿಂತತಲ್ಲೋ ಕೆರಿಯಾ," ಎಂದರು ಮೆಲ್ಲಗೆ.

ಕೆರಿಯ ಎಂದರೆ ಚೇತನಾಳ ಅಪ್ಪ. ಸ್ಕೂಲು ಬಿಟ್ಟ ಮಗಳನ್ನೂ ಹಿಂದೆ ಕೂರಿಸಿಕೊಂಡು ಗಾಡಿ ಓಡಿಸಿ ನೋಡಲು ಬಂದಿದ್ದ. ಜೀಪು, ಲಾರಿ, ಟ್ರ್ಯಾಕ್ಟರುಗಳ ಡಾಕ್ಟರು. ಸತ್ತೇಹೋದ ಇಂಜಿನ್ನು ಕೂಡ ಅಪ್ಪನ ಸ್ಪ್ಯಾನರಿನ ಸದ್ದು ಕೇಳಿದರೆ ಎದ್ದು ಕೂರುತ್ತಿತ್ತು. ಆದರೆ ಈ ಗಾಡಿ ಬೇರೆ ಜಾತಿಯದು. ಐವತ್ತು ವರ್ಷದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೊಸಳೆಯಂಥ ಮೂತಿ. ಒಂದು ವಾರದಿಂದ ಇದಕ್ಕೆ ಒಂದೇ ರೋಗ: ಹತ್ತು ನಿಮಿಷ ಹುಲಿಯ ಹಾಗೆ ಓಡುವುದು, ಆಮೇಲೆ ನಿಲ್ಲುವುದು. ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಶುರು.

ಅಪ್ಪ ಮೂರು ಸಲ ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದ. ಪಂಪು ಬದಲಾಯಿಸಿದ್ದ. ಕೊನೆಗೆ ಇವತ್ತು ಬೆಳಿಗ್ಗೆ, ಗ್ಯಾರೇಜಿನಲ್ಲಿ ಎಲ್ಲರೂ ನಗುವಾಗ, ಅಪ್ಪ ಎದೆಯುಬ್ಬಿಸಿ ಮಾತು ಕೊಟ್ಟುಬಿಟ್ಟಿದ್ದ. ಇವತ್ತೂ ಗಾಡಿ ನಿಂತರೆ ಗ್ಯಾರೇಜಿನ ಬೋರ್ಡ್ ಇಳಿಸಿ, ಇನ್ನು ಜನ್ಮದಲ್ಲಿ ಸ್ಪ್ಯಾನರ್ ಮುಟ್ಟುವುದಿಲ್ಲವಂತೆ.

ಅಪ್ಪ ಕೊಟ್ಟ ಮಾತು ತಪ್ಪುವವನಲ್ಲ. ಚೇತನಾಳಿಗೆ ಅದೇ ಭಯ.

ಬಾನೆಟ್ ಎತ್ತಿ ಅಪ್ಪ ಒಳಗೆ ತಲೆ ಹಾಕಿದ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಕಾರ್ಬುರೇಟರಿಗೆ ಬರುತ್ತಿಲ್ಲ, ನಡುವೆ ಎಂಥದ್ದೋ ತಡೆಯುತ್ತಿದೆ ಎಂದು ಗೊಣಗಿದ. ಗ್ಯಾರೇಜಿನಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು, ಕೋಲು ಅದ್ದಿ ನೋಡುವಾಗೆಲ್ಲ ಸರಿಯಾಗಿಯೇ ಬರುತ್ತಿತ್ತಂತೆ.

ಚೇತನಾಳ ಬಾಯಿ ಒಣಗಿತು. ನೀರಿನ ಬಾಟಲಿಯನ್ನು ತುಟಿಗೆ ಒತ್ತಿಕೊಂಡು ಜೋರಾಗಿ ಹೀರಿದಳು. ಬಾಟಲಿಯ ಕೆನ್ನೆ ಒಳಗೆ ಹೋಯಿತು. ನೀರು ನಿಂತಿತು. ಎಷ್ಟು ಹೀರಿದರೂ ಬರಲಿಲ್ಲ. ತುಟಿ ತೆಗೆದಳು. ಗಾಳಿ ನುಗ್ಗಿ, ಬಾಟಲಿ 'ಟಕ್' ಎಂದು ನೆಟ್ಟಗಾಯಿತು.

ಗಾಳಿ. ಮುಚ್ಚಳ. ಅಯ್ಯೋ.

ಹೋದ ಭಾನುವಾರ ಅವಳು ಈ ಗಾಡಿ ಒರೆಸಿದ್ದಳು. ಹಿಂದಿನ ಪೆಟ್ರೋಲ್ ಮುಚ್ಚಳದ ಮೇಲೆ ಸಾಸಿವೆ ಗಾತ್ರದ ತೂತು ಕಂಡಿತ್ತು. ಪೆಟ್ರೋಲ್ ವಾಸನೆಯೂ ಬರುತ್ತಿತ್ತು. ತೂತು ಕಂಡರೆ ಅವಳ ಅಜ್ಜಿ ದುರ್ಗಮ್ಮ ಏನು ಮಾಡುತ್ತಾಳೆ? ಕೋಲಿಗೆ ಸುತ್ತಿಟ್ಟ ಹಲಸಿನ ಮೇಣ ಬಿಸಿ ಮಾಡಿ ಮೆತ್ತುತ್ತಾಳೆ. ಕೊಡಕ್ಕೆ, ಬಕೆಟ್ಟಿಗೆ, ಬಿರುಕು ಬಿಟ್ಟ ಮಡಕೆಗೆ. ಅಜ್ಜಿಯ ಮೇಣ ಕಂಡರೆ ಊರಿನ ತೂತುಗಳೆಲ್ಲ ಓಡಿಹೋಗುತ್ತಿದ್ದವು. ಚೇತನಾಳೂ ಒಂದು ಚಿಟಿಕೆ ಮೆತ್ತಿದ್ದಳು. ಅಪ್ಪನಿಗೆ ಹೇಳದೆ, ಅಪ್ಪನಿಗೆ ಸಹಾಯ.

ಈಗ ಅವಳು ಹಣೆ ಬಡಿದುಕೊಂಡ ರಭಸಕ್ಕೆ ರಸ್ತೆ ಬದಿಯ ತೇಗದ ಮರಗಳೂ ಅಲ್ಲಾಡಿದವು. ಸಂಗಯ್ಯನವರಿಗೆ ಗೊತ್ತಾದರೆ? ಕೆರಿಯನ ಮಗಳೇ ಗಾಡಿ ಕೆಡಿಸಿದಳು ಎಂದು ಊರೆಲ್ಲ ಹೇಳಿದರೆ?

ಹೇಳುವುದು ಏಕೆ? ಕೆರೆದು ತೆಗೆದರೆ ಆಯಿತಲ್ಲ.

ಅವಳು ಬೆಕ್ಕಿನ ಹಾಗೆ ಇಳಿದು ಹಿಂದೆ ಹೋದಳು. ಕರಿ ಮೇಣವನ್ನು ಉಗುರಿನಿಂದ ಎಬ್ಬಿದಳು. ತೂತು 'ಸ್ಸ್‌ಸ್' ಎಂದಿತು. ಅವಳೊಬ್ಬಳಿಗೇ ಕೇಳಿಸಿತು.

ಅಪ್ಪ ಕೀಲಿ ತಿರುವಿದ. ಒಂದಿಷ್ಟು ಎಳೆದಾಡಿ ಗಾಡಿ ಗುರ್ ಎಂದಿತು. ಚೇತನಾ ಕಣ್ಣು ಮುಚ್ಚಿಕೊಂಡಳು. ಮುಗಿಯಿತು.

ಮುಗಿಯಲಿಲ್ಲ.

"ಏನಾಗಿತ್ತು?" ಸಂಗಯ್ಯನವರು ಕೇಳಿದರು.

ಅಪ್ಪ ಏನಾದರೂ ಒಂದು ಹೇಳಿಬಿಡಬಹುದಿತ್ತು. ಕಸ ಸಿಕ್ಕಿತ್ತು ಎಂದರೆ ಸಾಕಿತ್ತು. ಅಪ್ಪ ಕೈ ಒರೆಸಿಕೊಂಡ.

"ಗೊತ್ತಿಲ್ಲ ಸಂಗಯ್ಯಣ್ಣ. ನಾ ಪೈಪ್ ತಟ್ಟಿದ್ದು ಅಷ್ಟೇ."

"ಗೊತ್ತಿಲ್ಲದ ರಿಪೇರಿ ನಂಬಿ ನಾ ಘಟ್ಟ ಹೆಂಗ ಇಳೀಲಿ? ನಾಳೆ ಮತ್ತ ನಿಂದರತೈತಿ."

"ಹೌದು," ಎಂದ ಅಪ್ಪ. "ಸಂಜೆ ಬೋರ್ಡ್ ಇಳಿಸ್ತೆ."

ಆ ದನಿ ಚೇತನಾ ಯಾವತ್ತೂ ಕೇಳಿರಲಿಲ್ಲ. ಅದರಲ್ಲಿ ಗ್ರೀಸೂ ಇರಲಿಲ್ಲ, ನಗುವೂ ಇರಲಿಲ್ಲ. ಅವಳು ಬಾಯಿ ತೆರೆದಳು. ಮಾತು ಹೊರಬರುವಷ್ಟರಲ್ಲಿ ಒಂದು ಯುಗ ಕಳೆಯಿತು. ಗುಡ್ಡಗಳೆಲ್ಲ ಸವೆದು, ಮತ್ತೆ ಬೆಳೆದು ನಿಂತವು.

"ನಾನು ಅಪ್ಪ." ಬೆರಳು ಮುಂದೆ ಮಾಡಿದಳು. ಉಗುರಿಗೆ ಮೇಣ ಅಂಟಿಕೊಂಡಿತ್ತು. "ಮುಚ್ಚಳದ ತೂತಿಗೆ ಹಚ್ಚಿದ್ದೆ. ಅದು ಸೋರೂ ತೂತಲ್ಲ. ಗಾಳಿ ಒಳಗೆ ಹೋಗೂ ತೂತು. ಅದು ಮುಚ್ಚಿದ್ರೆ ಪೆಟ್ರೋಲ್ ಬರೂದಿಲ್ಲ."

ಅಪ್ಪ ಬೆರಳು ನೋಡಿದ, ಮುಚ್ಚಳ ನೋಡಿದ. ಸಂಗಯ್ಯನವರು ಬಗ್ಗಿದರು. ಮೀಸೆ ಅವಳ ಮೂಗಿಗೆ ತಾಗುವಷ್ಟು ಹತ್ತಿರ ಬಂತು.

"ಅಪ್ಪನ್ನ ಉಳಸಾಕ ಸುಳ್ಳು ಹೇಳಾಕತ್ತಿ. ಖರೇ ಆದರ ಮತ್ತ ಹಚ್ಚು. ಗಾಡಿ ನಿಲ್ಲಬೇಕು."

ಚೇತನಾ ಮೇಣವನ್ನು ಬೆರಳ ನಡುವೆ ತಿಕ್ಕಿ ಮೆತ್ತಗೆ ಮಾಡಿ ಮತ್ತೆ ಮೆತ್ತಿದಳು. ಗಾಡಿ ಹೊರಟಿತು.

ಒಂದು ವಾರ ಅವಳು ಗಾಡಿ ನಿಲ್ಲದಿರಲಿ ಎಂದು ಬೇಡಿದ್ದಳು. ಈಗ ನಿಲ್ಲಲಿ ಎಂದು ಬೇಡಿದಳು. ಐದು ನಿಮಿಷ. ಎಂಟು. ಗಾಡಿ ಹುಲಿಯ ಹಾಗೆ ಓಡುತ್ತಲೇ ಇತ್ತು. ಹತ್ತು. ನಿಲ್ಲಲಿಲ್ಲ. ಅಪ್ಪನ ಕತ್ತಿನ ಹಿಂದೆ ಬೆವರಿನ ಒಂದು ಹನಿ ಇಳಿಯುವುದನ್ನೇ ಅವಳು ನೋಡುತ್ತಿದ್ದಳು. ಅದು ಕಾಲರ್ ಮುಟ್ಟಿತು.

ಗಾಡಿ ಕೆಮ್ಮಿತು. ಬಿಕ್ಕಿತು. ನಿಂತಿತು.

ಅಷ್ಟು ಚಂದದ ಕೆಮ್ಮನ್ನು ಭೂಮಿಯ ಮೇಲೆ ಯಾರೂ ಕೇಳಿಲ್ಲ.

ಅವಳೇ ಇಳಿದು ಮುಚ್ಚಳ ತಿರುವಿದಳು. ಟ್ಯಾಂಕು ಉದ್ದಕ್ಕೆ ಉಸಿರೆಳೆದುಕೊಂಡಿತು. ಈ ಸಲ ಮೂವರಿಗೂ ಕೇಳಿಸಿತು.

ಸಂಗಯ್ಯನವರು ಬಹಳ ಹೊತ್ತು ಮೀಸೆ ತಿರುವಿದರು. "ಗಾಡಿ ತಾನಾಗಿ ನಿಂತಿಲ್ಲ, ನಿನ್ನ ಮಗಳು ನಿಲ್ಲಿಸ್ಯಾಳ. ಬೋರ್ಡ್ ಇರಲಿ," ಎಂದರು. ವಾಪಸ್ ಬರುವಾಗ ತೊಡೆಯ ಮೇಲೆ ಅವಳ ಸ್ಕೂಲ್ ಬ್ಯಾಗು ಇಟ್ಟುಕೊಂಡು ಕೂತರು, ಅವಳಿಗೆ ಹಿಂದೆ ಜಾಗ ಸಾಲದು ಎಂದು.

ಸಂಜೆ ದುರ್ಗಮ್ಮ ಒಲೆಯ ಮೇಲೆ ಕಡುಬು ಇಟ್ಟಿದ್ದಳು. ಮೊಮ್ಮಗಳ ಉಗುರು ನೋಡಿ, ಎಣ್ಣೆ ಹಚ್ಚಿದರೆ ಮೇಣ ಬಿಡುತ್ತದೆ ಎಂದಳು.

"ನಾಳೆ ತೆಗೀತೆ," ಎಂದಳು ಚೇತನಾ.

ಕಡುಬಿನ ಪಾತ್ರೆಯ ಮುಚ್ಚಳದಲ್ಲೂ ಒಂದು ಸಣ್ಣ ತೂತಿತ್ತು. ಅಲ್ಲಿಂದ ಹಬೆ ಮೆಲ್ಲಗೆ ಬರುತ್ತಿತ್ತು. ಇಷ್ಟು ದಿನ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಅವಳು ಗಲ್ಲಕ್ಕೆ ಕೈಕೊಟ್ಟು ಅದನ್ನೇ ನೋಡುತ್ತ ಕೂತಳು. ಹೊರಗೆ ಅಪ್ಪ ಏಣಿ ಹತ್ತಿ, ಗ್ಯಾರೇಜಿನ ಬೋರ್ಡಿನ ಧೂಳು ಒರೆಸುತ್ತಿದ್ದ.