ಮೈಮೇಲಿನ ಕೋಟು

ಶವಸಂಸ್ಕಾರ ಮುಗಿದ ಮರುದಿನ ಬೆಳಿಗ್ಗೆ ಗಂಡನ ಫೋನಿನ ಅಲಾರಂ ಎಂದಿನಂತೆ ಬಡಿದುಕೊಂಡಿತು. ಅವಳು ಎಂದಿನಂತೆ ಕೈಚಾಚಿ ಅದನ್ನು ನಿಲ್ಲಿಸಿದಳು. ಎದ್ದು ಹಾಲು ಕಾಯಲಿಟ್ಟಳು. ಎರಡು ಲೋಟ ತೆಗೆದಳು, ಒಂದನ್ನು ವಾಪಸ್ ಇಟ್ಟಳು. ಬಂದವರೆಲ್ಲ ಹೋಗಿಯಾಗಿತ್ತು. ಮೈದುನ ಸೋಫಾದ ಮೇಲೆ ಮುಖ ಅಡಿಮಾಡಿ ಮಲಗಿದ್ದ. ಊಟದ ಮೇಜಿನ ಪಕ್ಕದ ಕುರ್ಚಿಯ ಬೆನ್ನಿಗೆ ಆ ಕೋಟು ತೂಗುಬಿದ್ದಿತ್ತು, ಭುಜ ಇಳಿಬಿಟ್ಟು ಕೂತ ಮನುಷ್ಯನ ಹಾಗೆ.

ಬೂದುಬಣ್ಣದ ಉಣ್ಣೆಯ ಕೋಟು. ಅದು ಗಂಡನದಲ್ಲ, ಅವನು ಆಪ್ತ ಕಾರ್ಯದರ್ಶಿಯಾಗಿದ್ದ ಸಂಸದರದು. ಊರಿಗೆಲ್ಲ ಅವರು ಸಾಹೇಬರು.

ಸಾಹೇಬರು ಏಳು ಚುನಾವಣೆಗೆ ನಿಂತವರು, ಏಳನ್ನೂ ಗೆದ್ದವರು. ಮೊದಲನೆಯದು ಕೂದಲೆಳೆಯ ಅಂತರದ್ದು. ಆಮೇಲಿನವು ಎದುರಾಳಿಯ ಠೇವಣಿ ಉಳಿದರೆ ಅದೇ ದೊಡ್ಡ ಸುದ್ದಿ ಎನ್ನುವಂಥವು. ಎರಡು ಸಲ ಪಕ್ಷ ಬಿಟ್ಟರು, ಜನ ಅವರನ್ನು ಬಿಡಲಿಲ್ಲ. ಕ್ಷೇತ್ರದ ಗಡಿ ಕತ್ತರಿಸಿ ಹೊಸ ಊರುಗಳನ್ನು ಸೇರಿಸಿದರು, ಆ ಊರುಗಳೂ ಅವರವಾದವು. ಪಕ್ಷ ದೇಶದುದ್ದಕ್ಕೂ ಮಣ್ಣುಮುಕ್ಕಿದ ವರ್ಷ ಕೂಡ ಅವರ ಕೊರಳಿಗೆ ಹಾರ ಬಿದ್ದಿತ್ತು. ಅಷ್ಟಾಗಿ ಸಂಸತ್ತಿನಲ್ಲಿ ಅವರು ಬಾಯಿ ತೆರೆದದ್ದು ಹೆಚ್ಚಾಗಿ ಆಕಳಿಸುವುದಕ್ಕೆ.

ಇದು ಹೇಗೆ ಎಂದು ಅವಳು ವಿಶ್ವವಿದ್ಯಾಲಯದಲ್ಲಿದ್ದಾಗ ಒಂದು ಪ್ರಬಂಧವನ್ನೇ ಬರೆದಿದ್ದಳು. ಮಾಹಿತಿ ಕೇಳಲು ಸಾಹೇಬರ ಕಚೇರಿಗೆ ಹೋದಾಗಲೇ ಗಂಡನ ಪರಿಚಯವಾದದ್ದು. 'ಜನರೊಂದಿಗೆ ನೇರ ಬಾಂಧವ್ಯ' ಎಂಬುದು ಅವಳ ತೀರ್ಮಾನ. ಅದಕ್ಕೆ ಕೊಟ್ಟ ಉದಾಹರಣೆ ಈ ಕೋಟು. ಪ್ರಚಾರವಿಡೀ ಸಾಹೇಬರು ಅದನ್ನೇ ತೊಡುತ್ತಿದ್ದರು. ಎಣಿಕೆಯ ದಿನ, ಗೆಲುವಿನ ಘೋಷಣೆಗೆ ಇನ್ನೇನು ಒಂದು ಗಳಿಗೆ ಇದೆ ಎನ್ನುವಾಗ, ಅದನ್ನು ಬಿಚ್ಚಿ ಪಕ್ಕದಲ್ಲಿ ನಡುಗುತ್ತ ನಿಂತ ಯಾರಿಗೋ ಹೊದಿಸುತ್ತಿದ್ದರು. 'ಮೈಮೇಲಿನ ಬಟ್ಟೆ ಬಿಚ್ಚಿಕೊಡುವ ಮನುಷ್ಯ' ಎಂದು ಊರ ಗೋಡೆಗಳ ಮೇಲೆಲ್ಲ ಬರೆದಿತ್ತು.

ಈ ಸಲ ಅದು ಅವಳ ಗಂಡನ ಭುಜಕ್ಕೆ ಬಂತು. "ಚಳಿಯಿದೆ, ಇಟ್ಕೊಂಡಿರು, ಆಮೇಲೆ ಕೊಡುವೆಯಂತೆ." "ಆಯ್ತು ಸಾರ್." ಟೀವಿಯಲ್ಲಿ ನೋಡಿ ಅವಳು ಹಿಗ್ಗಿದ್ದಳು. ವಾರ ತುಂಬುವುದರೊಳಗೆ ಅವನಿರಲಿಲ್ಲ.

ಹಾಲು ಉಕ್ಕಿತು. ಅದೇ ಹೊತ್ತಿಗೆ ಬಾಗಿಲ ಗಂಟೆಯೂ ಬಡಿಯಿತು. ಸಾಹೇಬರ ಹೆಂಡತಿ ಒಬ್ಬರೇ ಬಂದಿದ್ದರು. ಅವರನ್ನು ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು. ಕೈಯಲ್ಲಿ ಖಾಲಿ ಚೀಲ.

"ಕೂರಲ್ಲಮ್ಮ. ಆ ಕೋಟು ಕೊಡು, ಹೋಗ್ತೀನಿ."

"ನಿನ್ನೆ ತಾನೇ ಅವರನ್ನ ಕಳಿಸಿಕೊಟ್ಟಿದ್ದೀವಿ. ಇವತ್ತೇ ಕೋಟಿಗೆ ಬಂದ್ರಾ?"

"ಬೈದುಕೋ. ಆದ್ರೆ ಅದನ್ನ ಮೈಗೆ ಹಾಕ್ಕೋಬೇಡ. ಮಾತಾಡದೆ ನನ್ನ ಚೀಲಕ್ಕೆ ಹಾಕು. ಅದು ಇನ್ನೂ ಆರಿಲ್ಲ."

"ಆರೋಕೆ ನಾನಿನ್ನೂ ಅದನ್ನ ಒಗೆದೇ ಇಲ್ವಲ್ಲ."

"ಹಸಿವು ಆರಿಲ್ಲ," ಎಂದರು ಅಮ್ಮಾವ್ರು. ಅವರ ಕಣ್ಣು ಕುರ್ಚಿಯ ಕಡೆ ಹೋಗಲೇ ಇಲ್ಲ. "ತಿಂಗಳುಗಟ್ಟಲೆ ನನ್ನ ಬೀರುವಿನ ಕತ್ತಲಲ್ಲಿ ಬಿದ್ದಿದ್ರೆ ಆರುತ್ತೆ."

ಅವಳಿಗೆ ನಗು ಬಂತು. ಇಷ್ಟು ದಿನದಲ್ಲಿ ಮೊದಲ ನಗು. ಅದು ಹುಳಿಯಾಗಿತ್ತು.

"ಅಮ್ಮಾವ್ರೇ, ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳೋಳು. ಕೋಟಿಗೆ ಹಸಿವು ಅಂದ್ರೆ ಹಿಂದಿನ ಬೆಂಚಿನವರೂ ಎದ್ದು ನಗ್ತಾರೆ. ಇಸ್ಕೊಂಡವರು ನನ್ನ ಗಂಡ. ಅವರ ಸಾಲ ನನ್ನ ಸಾಲ. ನಾನೇ ತಗೊಂಡೆ, ಆಯ್ತಾ? ತೀರಿಸೋವಾಗ ನಾನೇ ತೀರಿಸ್ತೀನಿ."

ಅಮ್ಮಾವ್ರ ಕೈ ಬಾಯಿಗೆ ಹೋಯಿತು. "ಏನಂದೆ? ಅಯ್ಯೋ ಹುಡುಗಿ, ಏನಂದೆ?" ಎನ್ನುತ್ತ ಹಿಂದೆ ಹಿಂದೆ ಸರಿದರು. ಚೀಲ ಹೊಸ್ತಿಲಲ್ಲೇ ಬಿತ್ತು. ಅದನ್ನು ಎತ್ತಿಕೊಳ್ಳಲೂ ನಿಲ್ಲದೆ ಹೊರಟುಹೋದರು.

ಮಧ್ಯಾಹ್ನ ಮೈದುನ ಹೊರಗೆ ಹೋದ. ಅವಳು ಪರದೆಗಳನ್ನೆಲ್ಲ ಎಳೆದಳು. ಅವನ ವಾಸನೆ ಒಮ್ಮೆ ಸಿಕ್ಕರೆ ಸಾಕಿತ್ತು, ಬೇರೆ ಯಾವ ಉದ್ದೇಶವೂ ಇರಲಿಲ್ಲ. ಗಂಡನ ಅಂಗಿಗಳನ್ನೆಲ್ಲ ಯಾರೋ ಪುಣ್ಯಾತ್ಮರು ಒಗೆದು ಮಡಚಿಟ್ಟಿದ್ದರು. ಅವನ ಬೆವರು ಉಳಿದಿದ್ದು ಈ ಕೋಟಿನಲ್ಲಿ ಮಾತ್ರ. ತೋಳು ತೂರಿಸಿದಳು.

ಒಳಗೆ ಬಿಸಿಯಿತ್ತು. ಯಾರೋ ಈಗತಾನೇ ಬಿಚ್ಚಿಕೊಟ್ಟ ಹಾಗೆ. ಮೊದಲು ಗಂಡನ ವಾಸನೆ ಬಂತು, ನೋವಿನ ಮುಲಾಮಿನದು, ಕತ್ತಿನ ಬೆವರಿನದು. ಅವಳು ಕಣ್ಣು ಮುಚ್ಚಿದಳು. ಅದರ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಕೊಳೆತ ಹೂವಿನ ಹಾರದ್ದು. ಅದಕ್ಕೂ ಅಡಿಯಲ್ಲಿ ಮತಗಟ್ಟೆಯ ಶಾಯಿಯ ಕಟುವಾಸನೆ. ಕಿವಿಗೆ ಚೊಂಬು ಒತ್ತಿಕೊಂಡಂತೆ ಒಂದು ಮೊರೆತ. ದೂರದಲ್ಲೆಲ್ಲೋ ಜನ ಜಯಕಾರ ಕೂಗುತ್ತಿದ್ದರು. ಹತ್ತಿರವಾಯಿತು. ಇನ್ನೂ ಹತ್ತಿರ. ಆ ಕೂಗಿನ ನಡುವೆ ಒಬ್ಬ ಕೆಮ್ಮುತ್ತಿದ್ದ. ಆ ಕೆಮ್ಮು ಅವಳಿಗೆ ಗೊತ್ತು. ಕೊನೆಯ ಮೂರು ರಾತ್ರಿ ಅದರ ಪಕ್ಕದಲ್ಲೇ ಅವಳು ಎಚ್ಚರವಿದ್ದಳು.

ಕಾಲರು ಬಿಗಿಯಿತು.

ಕಿತ್ತೆಸೆದಳು. ಬಚ್ಚಲಿಗೆ ಓಡಿ ಮುಖಕ್ಕೆ ನೀರು ಹೊಡೆದುಕೊಂಡಳು. ಕೈ ನೋಡಿದಳು. ಎಡಗೈಯ ತೋರುಬೆರಳ ಮೇಲೆ ಮತ ಹಾಕಿದ ಶಾಯಿಯ ಗುರುತು ನಿನ್ನೆಯವರೆಗೆ ಮಾಸಲು ಕಂದು. ಈಗ ಅದು ಕಪ್ಪಾಗಿತ್ತು. ಹಸಿಯಾಗಿತ್ತು. ನೋಡುತ್ತಿದ್ದಂತೆ ಉಗುರು ದಾಟಿ ಮೊದಲ ಗೆಣ್ಣಿಗೆ ಬಂತು.

ಗಂಡನೂ ಹೀಗೇ ಬಚ್ಚಲಲ್ಲಿ ನಿಂತು ಬೆರಳಿಗೆ ನಿಂಬೆಹಣ್ಣು ಉಜ್ಜುತ್ತಿದ್ದ. "ಹೋಗ್ತಾನೇ ಇಲ್ಲ ಕಣೇ. ಪಾಪ, ನಾನೆಲ್ಲಿ ಎರಡನೇ ವೋಟು ಹಾಕ್ಬಿಡ್ತೀನೋ ಅಂತ ಭಯ ಇದಕ್ಕೆ," ಎಂದು ನಕ್ಕಿದ್ದ. ಆಮೇಲೆ ಅವನು ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದ. ಹೆಣಕ್ಕೆ ಸ್ನಾನ ಮಾಡಿಸುವಾಗ ತೋಳು ಭುಜದವರೆಗೆ, ಭುಜದಿಂದ ಎದೆಯವರೆಗೆ ಕಪ್ಪಗಿತ್ತು. ರಕ್ತ ಹೆಪ್ಪುಗಟ್ಟಿದೆ ಎಂದರು ವೈದ್ಯರು. ಅವಳು ತಲೆಯಾಡಿಸಿದ್ದಳು. ಓದಿದವಳಲ್ಲವೇ, ಕಾರಣ ಅಂತ ಒಂದು ಸಿಕ್ಕರೆ ಸಾಕು.

ಸಾಹೇಬರು ರಾಜಧಾನಿಯಲ್ಲಿದ್ದರು. ಅವಳು ನೇರವಾಗಿ ಅವರ ಮನೆಗೆ ಹೋದಳು. ಹಜಾರದಲ್ಲಿ ಗೆಲುವಿನ ಫೋಟೋಗಳು ಸಾಲಾಗಿ ತೂಗುಬಿದ್ದಿದ್ದವು. ಪ್ರಬಂಧಕ್ಕಾಗಿ ಅವನ್ನು ಎಷ್ಟು ಸಲ ನೋಡಿದ್ದಳೋ. ವೇದಿಕೆಯ ಮೇಲೆ ಯಾವ ಮುಖಂಡರಿದ್ದಾರೆ, ಯಾವ ಬಾವುಟವಿದೆ ಎಂದೆಲ್ಲ ಬರೆದುಕೊಂಡಿದ್ದಳು. ಈಗ ಕೋಟನ್ನು ಮಾತ್ರ ನೋಡಿದಳು. ಮೊದಲನೆಯದರಲ್ಲಿ ಅದು ಒಬ್ಬ ಎಳೆಯ ತರುಣನ ಭುಜದ ಮೇಲಿತ್ತು. ಮುಂದಿನದರಲ್ಲಿ ಡ್ರೈವರ್. ಆಮೇಲೆ ಪಕ್ಷದ ಖಜಾಂಚಿ. ಹೀಗೇ ಒಬ್ಬೊಬ್ಬರು. ಒಂದರಲ್ಲಿ ಕೋಟು ಹೊದ್ದವರು ಯಾರೂ ಅದರ ಮುಂದಿನದರಲ್ಲಿರಲಿಲ್ಲ. 'ಅಂದಿನ ನಿಕಟವರ್ತಿಗಳು ಯಾರೂ ಜೀವಂತ ಇಲ್ಲದ ಕಾರಣ ಸಂದರ್ಶನ ಸಾಧ್ಯವಾಗಲಿಲ್ಲ' ಎಂದು ಅವಳೇ ಅಡಿಟಿಪ್ಪಣಿ ಬರೆದಿದ್ದಳು. ಚಿಕ್ಕ ಅಕ್ಷರದಲ್ಲಿ.

"ಆ ಮೊದಲನೆಯವನು ನನ್ನ ತಮ್ಮ," ಎಂದಿತು ಹಿಂದಿನಿಂದ ಧ್ವನಿ. ಅಮ್ಮಾವ್ರು ಅವಳ ಬೆರಳು ನೋಡಿದರು, ಮತ್ತೆ ನೋಡಲಿಲ್ಲ. "ಆ ಸಲ ಇವರು ಸೋಲೋದು ಗ್ಯಾರಂಟಿ ಆಗಿತ್ತು. ಒಬ್ಬ ಮಾಟಗಾತಿ ಹತ್ರ ಹೋದ್ರು. ಸೋಲೇ ಬರಬಾರದು ಅಂದ್ರಂತೆ. ಬರಲ್ಲ, ಆದ್ರೆ ಗೆದ್ದ ಗಳಿಗೆಯಲ್ಲಿ ಇದನ್ನ ತೊಟ್ಟವನು ನನ್ನವನು ಅಂದಳಂತೆ. ಕೋಟಿನ ಅಸ್ತರಿನೊಳಗೆ ಏನೋ ಇಟ್ಟು ಹೊಲಿದುಕೊಟ್ಟಳು."

"ಏನದು?"

"ಬಿಚ್ಚಿ ನೋಡೋ ಗಂಡೆದೆ ಯಾರಿಗಿದೆ?"

"ಗೊತ್ತಿದ್ದೂ ಸುಮ್ನಿದ್ರಾ?"

"ತಮ್ಮ ಹೋದ ಮೇಲೆ ಇನ್ಯಾರು ಹೋದ್ರೇನು ಅನ್ನಿಸ್ತು. ಆಮೇಲೆ ರೂಢಿ ಆಯ್ತು." ಅವರ ದನಿಯಲ್ಲಿ ಏರಿಳಿತವಿರಲಿಲ್ಲ. "ನಾನು ಮಾತಿಲ್ಲದೆ ಎತ್ಕೊಂಡು ಬರ್ತಿದ್ದೆ, ಅದಕ್ಕೇ ನನಗೇನೂ ಆಗ್ಲಿಲ್ಲ. ಅದು ಬಲವಂತಕ್ಕೆ ದಾಟಲ್ಲಮ್ಮ, ಬಾಯಿಮಾತಿಗೆ ದಾಟುತ್ತೆ. ಕೊಡೋನು ತಗೋ ಅನ್ನಬೇಕು, ತಗೊಳ್ಳೋನು ಆಯ್ತು ಅನ್ನಬೇಕು. ಅದಿನ್ನೂ ಅರೆಹೊಟ್ಟೆಯಲ್ಲಿದ್ದಾಗ ನೀನಾಗಿ ತಗೊಂಡೆ, ಆಯ್ತು ಅಂದೆ."

"ಹಾಗಾದ್ರೆ ಇನ್ನೊಬ್ಬರಿಗೆ ಕೊಟ್ರೆ..."

"ನೀನು ಉಳೀತೀಯ. ಯಾರಿಗೆ ಬೇಕಾದ್ರೂ ಕೊಡು. ಹಾದಿಲಿ ಹೋಗೋರಿಗೆ ಕೊಡು." ಅಮ್ಮಾವ್ರು ತಮ್ಮನ ಫೋಟೋದ ಧೂಳನ್ನು ಸೆರಗಿನಿಂದ ಒರೆಸಿದರು. "ನಾಳೆ ಪಕ್ಷದ ಕಚೇರಿಯಲ್ಲಿ ನಿನ್ನ ಗಂಡನ ಸಂತಾಪ ಸಭೆ. ಇವರು ಬರ್ತಾರೆ. ನಿನ್ನ ಮೈದುನನಿಗೇ ಆ ಕೆಲಸ ಕೊಡ್ತಾರಂತೆ. ಮುಂದಿನ ಚುನಾವಣೆಗೆ ಪಕ್ಕದಲ್ಲಿ ನಿಲ್ಲೋಕೆ ಒಬ್ಬ ಬೇಕಲ್ಲ." ಒರೆಸುವುದನ್ನು ನಿಲ್ಲಿಸಿದರು. "ಮೈಕು ಇರುತ್ತೆ. ಜನಾನೂ ಇರ್ತಾರೆ."

ಅಷ್ಟು ಹೇಳಿ ಒಳಗೆ ಹೋದರು.

ಮರುದಿನ ಸಭೆಗೆ ಹೊರಡುವಷ್ಟರಲ್ಲಿ ಕಪ್ಪು ಮೊಣಕೈ ಮುಟ್ಟಿತ್ತು. ಬೆರಳುಗಳು ಮರಗಟ್ಟಿದ್ದವು. ತುಂಬುತೋಳಿನ ರವಿಕೆ ತೊಟ್ಟು, ಕೋಟನ್ನು ಬಲಗೈಯಲ್ಲಿ ಎದೆಗೊತ್ತಿಕೊಂಡು ಕಾರಿನಲ್ಲಿ ಕೂತಳು. ಹಸಿ ಮಣ್ಣಿನ ಮೂಟೆಯಷ್ಟು ಭಾರ. ಉಸಿರು ಸಿಕ್ಕಿಕೊಂಡು ಕೆಮ್ಮು ಬಂತು. ಅದು ಅವಳ ಕೆಮ್ಮಾಗಿರಲಿಲ್ಲ.

"ಅತ್ತಿಗೆ, ಭಾರ ಆಗ್ತಿದೆ ನಿಮಗೆ," ಎಂದ ಮೈದುನ. ಅಣ್ಣನದೇ ಹುಬ್ಬು, ಅಣ್ಣನದೇ ಗಲ್ಲ. "ಅದನ್ನ ಇಲ್ಲಿ ಕೊಡಿ. ನಾನು ಇಟ್ಕೊಂಡಿರ್ತೀನಿ."

ಮಡಿಲಲ್ಲಿ ಕೋಟು ಮೆಲ್ಲಗೆ ಮಿಸುಕಿತು. ತಗೋ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿತು. ಎಷ್ಟು ಸಣ್ಣ ಮಾತು! ಎಷ್ಟು ಸಲೀಸು! ಸಾಹೇಬರಿಗೆ ಪ್ರತಿ ಸಲವೂ ಹೀಗೇ ಸಲೀಸಾಗಿರಬೇಕು.

"ಮುಟ್ಟಿದ್ರೆ ಕೆನ್ನೆಗೆ ಬಾರಿಸ್ತೀನಿ," ಎಂದಳು.

ಮೈದುನ ಪೆಚ್ಚಾಗಿ ಕಿಟಕಿಯ ಕಡೆ ತಿರುಗಿದ.

ಸಭಾಂಗಣ ತುಂಬಿ ಹೊರಗೂ ಜನ ನಿಂತಿದ್ದರು. ಹಿತ್ತಾಳೆಯ ದೀಪ, ಗಂಡನ ದೊಡ್ಡ ಫೋಟೋ, ಅದಕ್ಕಿಂತ ದೊಡ್ಡದಾಗಿ ಸಾಹೇಬರ ಫೋಟೋ. ಸಾಹೇಬರು ಮೈಕಿನ ಮುಂದೆ ಗದ್ಗದರಾದರು. ಅದು ಅವರಿಗೆ ಬೇಕೆಂದಾಗ ಬರುತ್ತಿತ್ತು.

"ನನ್ನ ಬಲಗೈ ಹೋಯ್ತು ಬಂಧುಗಳೇ. ಮೈಮೇಲಿನ ಬಟ್ಟೆ ಬಿಚ್ಚಿ ಕೊಟ್ಟೆ. ಆಯಸ್ಸು ಕೊಡೋಕೆ ನನ್ನ ಕೈಲಾಗ್ಲಿಲ್ಲ!"

ಹೆಂಗಸರು ಅತ್ತರು. ಆ ಮನೆ ಇನ್ನು ತಮ್ಮದೇ ಮನೆ, ಅಣ್ಣನ ಕೆಲಸ ತಮ್ಮನಿಗೆ ಎಂದು ಸಾಹೇಬರು ಸಾರಿದರು. ಚಪ್ಪಾಳೆ ಬಿತ್ತು. ಆಮೇಲೆ ಅವಳನ್ನು ಕರೆದರು, ಎರಡು ಮಾತಾಡಮ್ಮ ಎಂದು.

ಅವಳು ಮೈಕಿಗೆ ಬಾಯಿ ತಂದಳು. ಕಪ್ಪು ಭುಜ ಹತ್ತುತ್ತಿತ್ತು.

"ನಮ್ಮ ಮನೆಯವರು ಸಾಹೇಬರ ಹತ್ರ ಒಂದು ವಸ್ತು ಇಸ್ಕೊಂಡಿದ್ರು. ಆಮೇಲೆ ಕೊಡು ಅಂದಿದ್ರು ಸಾಹೇಬರು. ಕೊಡೋಕೆ ಅವರಿಗೆ ಆಗ್ಲಿಲ್ಲ. ಸಾರ್, ನಿಮ್ಮ ಕೋಟು. ತಗೊಳ್ಳಿ."

ಸಾಹೇಬರ ಮುಖದಿಂದ ನಗು ಹೋಗಲಿಲ್ಲ. ನಗುವಿನ ಹಿಂದಿನ ರಕ್ತ ಮಾತ್ರ ಇಳಿದುಹೋಯಿತು.

"ಇರಲಿ ಬಿಡಮ್ಮ. ಅವನ ನೆನಪಿಗೆ ನಿನ್ನ ಹತ್ರಾನೇ ಇರಲಿ."

"ಸತ್ತವರ ತಲೆ ಮೇಲೆ ಋಣ ಉಳಿಸಬೇಡಿ ಸಾರ್. ಆಯ್ತು ಅಂದ್ರೆ ಸಾಕು."

ಅವರು ಒಂದು ಹೆಜ್ಜೆ ಹಿಂದಿಟ್ಟರು. ಕ್ಯಾಮೆರಾಗಳು ಒಂದು ಹೆಜ್ಜೆ ಮುಂದೆ ಬಂದವು.

"ತಗೊಳ್ಳಿ ಸಾಹೇಬ್ರೇ, ಪಾಪ!" ಎಂದಿತು ಹಿಂದಿನ ಸಾಲಿನ ಒಂದು ಹೆಣ್ಣುದನಿ. ಇನ್ನೊಬ್ಬ ದನಿಗೂಡಿಸಿದ. "ತಗೊಳ್ಳಿ!" ಸಭಾಂಗಣವೇ ಕೂಗಿತು. "ತಗೊಳ್ಳಿ! ತಗೊಳ್ಳಿ!" ಕೋಟಿನೊಳಗೆ ಅವಳು ಕೇಳಿದ್ದು ಇದೇ ಮೊರೆತ.

ಏಳು ಚುನಾವಣೆ ಗೆದ್ದ ಮನುಷ್ಯ. ಸೇರಿದ ಜನಕ್ಕೆ ಇಲ್ಲ ಎನ್ನುವುದನ್ನು ಅವರು ಯಾವತ್ತೂ ಕಲಿತಿರಲಿಲ್ಲ. ಕಲಿತಿದ್ದರೆ ಒಂದನ್ನೂ ಗೆಲ್ಲುತ್ತಿರಲಿಲ್ಲ. ಅವರ ಕೈಗಳು ತಾವಾಗಿಯೇ ಮುಗಿದುಕೊಂಡವು. ಬಾಯಿ ತಾನಾಗಿಯೇ ತೆರೆಯಿತು.

"ಆಯ್ತಮ್ಮ," ಎಂದರು ಸಾಹೇಬರು ಮೈಕಿನಲ್ಲಿ. "ಆಯ್ತು."

ಅವಳು ಒಂದೇ ಕೈಯಲ್ಲಿ ಅದನ್ನು ಅವರ ಭುಜಕ್ಕೆ ಹೊದಿಸಿದಳು. ಅದು ಹಗುರವಾಗಿ ಹೋಯಿತು. ಕಾಯುತ್ತಿದ್ದ ಹಾಗೆ ಹೋಯಿತು. ತೋಳುಗಳು ತಾವಾಗಿ ಅವರ ತೋಳು ಹುಡುಕಿಕೊಂಡವು. ಸಾಹೇಬರು ಗರಕ್ಕನೆ ತಿರುಗಿದರು. ಎದುರಿಗೆ ಮೈದುನ.

"ಬಾರಪ್ಪ, ಇಲ್ಲಿ ಬಾ. ಇದನ್ನ ಸ್ವಲ್ಪ..."

ಮುಂದಿನ ಸಾಲಿನಿಂದ ಅಮ್ಮಾವ್ರು ಎದ್ದರು. ವೇದಿಕೆ ಹತ್ತಿದರು. ಗಂಡನ ಎದುರು ನಿಂತು, ಮದುವಣಿಗನ ಬಟ್ಟೆ ಸರಿಮಾಡುವವರಂತೆ ಕೆಳಗಿನ ಗುಂಡಿ ಹಾಕಿದರು. ನಡುವಿನದು ಹಾಕಿದರು.

"ಚಳಿಯಿದೆ," ಎಂದರು.

ಕಾಲರಿನ ಗುಂಡಿ ಹಾಕಿದರು.

ಸಾಹೇಬರ ಬಾಯಿ ತೆರೆಯಿತು. ದನಿ ಬರಲಿಲ್ಲ. ಮತ್ತೆ ತೆರೆಯಿತು. ತಗೋ ಎನ್ನಬೇಕು. ಬರಲಿಲ್ಲ. ಬೆರಳಿನ ಶಾಯಿ ಹೊಳೆಯಿತು. ಮಣಿಕಟ್ಟು ದಾಟಿತು. ತೋಳಿನೊಳಗೆ ಮಾಯವಾಯಿತು. ಕಾಲರಿನ ಮೇಲೆ, ಗಂಟಲಲ್ಲಿ, ಒಂದು ಕಪ್ಪು ಗೆರೆ ಎದ್ದಿತು. ಅವರು ಕೈಮುಗಿದು ಒಬ್ಬೊಬ್ಬರ ಮುಂದೆ ನಿಂತರು. ಮೈದುನನ ಮುಂದೆ. ಈಗಿನ ಡ್ರೈವರನ ಮುಂದೆ. ಮುಖಂಡರ ಮುಂದೆ. ಕೋಟಿನ ಅಂಚು ಹಿಡಿದು ತೋರಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಈ ಸಲ ಅದು ಬೇಕೆಂದು ತಂದುಕೊಂಡದ್ದಲ್ಲ.

ದುಃಖಕ್ಕೆ ಮಾತೇ ಹೊರಡುತ್ತಿಲ್ಲ ಎಂದುಕೊಂಡಿತು ಸಭೆ. ಎಲ್ಲರೂ ಎದ್ದು ನಿಂತರು. ಚಪ್ಪಾಳೆಯಿಂದ ಕಿಟಕಿಯ ಗಾಜುಗಳು ನಡುಗಿದವು.

ಅವಳಿಗೂ ಚಪ್ಪಾಳೆ ತಟ್ಟಬೇಕೆನಿಸಿತು. ಕಪ್ಪು ಅಲ್ಲೇ, ಭುಜದ ಹತ್ತಿರವೇ ನಿಂತಿತ್ತು. ಹಿಂದಕ್ಕೆ ಮಾತ್ರ ಇಳಿಯಲಿಲ್ಲ. ಬಲಗೈ ಎತ್ತಿದಳು. ಎಡಗೈ ಏಳಲಿಲ್ಲ.