ಬೂಟಿಗೆ ಹತ್ತಿದ ಬಿಳಿ ಕೆಸರು

"ಕೈ ಬಿಡ್ರೀ!"

ಅಂದವಳೇ ಕರುಣಾ ಬಲಗೈ ಬೀಸಿಬಿಟ್ಟಳು.

ಛಟ್!

ನೆಲಕ್ಕೆ ಹಾಸುವ ಫರಸಿ ಕಲ್ಲಿನ ರಾಶಿಯ ಮೇಲೆ ಕುಳಿತಿದ್ದ ಪಾರಿವಾಳಗಳು ಹಾರಿಹೋದವು. ಏಟು ತಿಂದವನು ಮಾತ್ರ ಅವಳ ತೋಳು ಬಿಡಲಿಲ್ಲ. ಹಿಂದಕ್ಕೆಳೆದು, ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಆಮೇಲೆ ಬಿಟ್ಟ.

ಅವನ ಅಂಗಿಗೂ ಅವಳ ಅಂಗಿಯಂತೆಯೇ ಶಹಾಬಾದದ ಓಟದ ಸ್ಪರ್ಧೆಯ ನಂಬರು ಚೀಟಿ ಪಿನ್ನು ಮಾಡಿತ್ತು.

"ನಿಲ್ರಿ ನಿಲ್ರಿ ಅಂತ ಆಗಿಂದ ಒದರ್ಲಿಕತ್ತೀನಿ. ಕೇಳ್ಸಲಿಲ್ಲೇನ್ರಿ ನಿಮಗ?"

ಕೇಳಿಸಿತ್ತು. ಕೇಳಿಸಿದ್ದಕ್ಕೇ ಅವಳು ಇನ್ನೂ ಜೋರು ಓಡಿದ್ದಳು! ಸೇಡಂನ ರಸ್ತೆಯಲ್ಲಿ ದಿನಾ ಬೆಳಗ್ಗೆ ಒಬ್ಬಳೇ ಓಡುವ ಹುಡುಗಿಗೆ ಬೆನ್ನ ಹಿಂದಿನ ಗಂಡುದನಿಗೆ ಒಂದೇ ಅರ್ಥ. ತಿರುಗಬೇಡ, ಕಾಲು ಜೋರು ಹಾಕು.

ಅವನು ಒಂದು ಕಲ್ಲು ಎತ್ತಿ, ಅವಳೆದುರಿನ ಬಿಳಿ ನೆಲದ ಮೇಲೆ ಒಗೆದ.

ಗುಳುಕ್...

ಕಲ್ಲು ಕಾಣದಾಯಿತು. ಕರುಣಾ ಕೆಳಗೆ ನೋಡಿಕೊಂಡಳು. ಅವಳ ಒಂದು ಬೂಟು ಕಣಕಾಲಿನ ತನಕ ಬೆಳ್ಳಗಾಗಿತ್ತು.

"ಹಳೇ ಖಣಿ ಇದು, ಕಲ್ಲು ತಗದ ತಗ್ಗು. ಫರಸಿ ಪಾಲಿಶ್ ಮಾಡಿದ ನೀರು ಬಂದು ನಿಂತದ. ಮ್ಯಾಲ ಒಣಗಿ ಅಂಗಳದಂಗ ಕಾಣ್ತದ, ಕೆಳಗ ಬರೇ ಕೆಸರು."

"ಬಿಳೀ ಬಾಣ ಇತ್ತಲ್ರೀ... ಈ ಕಡಿ ಅಂತ..."

"ಅದು ಫರಸಿ ತುಂಬೋ ಲಾರಿಗಿ ಹಾಕಿದ ಬಾಣ. ಓಟದವರೂ ಸುಣ್ಣದಾಗ ಹಾಕ್ಯಾರ, ಇವರೂ ಸುಣ್ಣದಾಗ ಹಾಕ್ಯಾರ. ಶಹಾಬಾದದಾಗ ಬಿಳೇದಕ್ಕೇನು ಬರ?" ಅಂದ ಕೆನ್ನೆ ಸವರಿಕೊಳ್ಳುತ್ತ. "ನಾ ದೇವಾನಂದ. ಇಲ್ಲೇ ಪಾಲಿಶ್ ಮಷೀನ್ ನಡಸ್ತೀನಿ."

ಕರುಣಾ ಅಲ್ಲೇ ಕುಸಿದು ಕುಳಿತಳು. ಜೀವ ಉಳಿದದ್ದಕ್ಕೆ ಅಳಬೇಕೋ, ಓಟ ಹೋದದ್ದಕ್ಕೆ ಅಳಬೇಕೋ ತಿಳಿಯಲಿಲ್ಲ. ಈ ರಸ್ತೆಯ ಕವಲಿಗೆ ಬರುವ ತನಕ ಹೆಣ್ಣುಮಕ್ಕಳಲ್ಲಿ ಎರಡನೆಯವಳಾಗಿದ್ದಳು!

ಅಪ್ಪ ಧರ್ಮಣ್ಣ ಮಾತು ಕೊಟ್ಟಿದ್ದ. ಮೊದಲ ಮೂವರಲ್ಲಿ ಬಂದರೆ ಒಂದು ವರ್ಷ ಮದುವೆಯ ಸುದ್ದಿ ಇಲ್ಲ. ಬರದಿದ್ದರೆ ಚಿಂಚೋಳಿಯ ಸಂಬಂಧಕ್ಕೆ ಹೂಂ ಅನ್ನಬೇಕು. ಅವರದು ಒಂದೇ ಷರತ್ತು. ಸೊಸೆಯಾಗುವವಳು ರಸ್ತೆಯಲ್ಲಿ ಓಡಬಾರದು.

"ನಮ್ಮಪ್ಪಗ ಈ ಖಣಿ ಸುದ್ದಿ ಹೇಳಬ್ಯಾಡ್ರಿ," ಕೈ ಮುಗಿದಳು. "ಗೊತ್ತಾದ್ರ ಜನ್ಮದಾಗ ಓಡ್ಲಿಕ್ಕ ಬಿಡಂಗಿಲ್ಲ."

"ಹೇಳಂಗಿಲ್ರಿ. ಏಳ್ರಿ, ಕೂತ್ರ ಕಾಲು ಹಿಡಿತಾವ."

ಇಬ್ಬರೂ ರಸ್ತೆಗೆ ಬಂದಾಗ ತುಸು ಮುಂದೆ ಓಟದ ನಂಬರು ಹಾಕಿಕೊಂಡ ಒಬ್ಬ ದಪ್ಪ ಹೆಂಗಸು ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು ಕುಂಟುತ್ತ ಓಡುತ್ತಿದ್ದಳು. ಸಪ್ಪಳ ಕೇಳಿ ತಿರುಗಿ ನೋಡಿದಳು.

"ಅರೇ! ನನ್ನ ಹಿಂದನೂ ಮಂದಿ ಅದಾರಾ? ಅಲ್ಲಾ ದೊಡ್ಡಾವ!"

"ಅಖ್ತರ ಬೇಗಂ ಖಾಲಾ, ನಮ್ಮ ಓಣಿಯವರು," ಅಂದ ದೇವಾನಂದ.

"ಡಾಕ್ಟರ್ ಹೇಳ್ದ, ಸಕ್ಕರಿ ಅದ ಓಡ್ರಿ ಅಂತ. ನಾ ಓಡ್ಲಿಕತ್ತೀನಿ, ಸಕ್ಕರಿ ನನಗಿಂತ ಜೋರ್ ಓಡ್ಲಿಕತ್ತದ! ಯಾಕ ಬೇಟಿ, ಅಳ್ಲಿಕತ್ತಿ? ತಗೋ, ಶೇಂಗಾ ಚಿಕ್ಕಿ."

"ಸಕ್ಕರಿ ಅದ ಅಂದ್ರಿ..."

"ಅದಕ್ಕೇ ನಿನಗ ಕೊಡ್ಲಿಕತ್ತೀನಿ. ನನ್ನ ಹಂತ್ಯಾಕ ಇದ್ರ ನಾ ತಿಂತೀನಲ್ಲ!"

ಕಣ್ಣೀರಿನ ನಡುವೆಯೇ ಕರುಣಾಳಿಗೆ ನಗು ಬಂತು. ಮೂವರೂ ಖಾಲಾಳ ಕಾಲಿಗೆ ತಕ್ಕಂತೆ ಓಡಿದರು. ಜೀವನದಲ್ಲಿ ಮೊದಲ ಸಲ ಅವಳು ಜೊತೆಗೂಡಿ ಓಡುತ್ತಿದ್ದಳು. ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿದರೂ ಹೆದರಿಕೆ ಆಗಲಿಲ್ಲ...

ಗುರಿ ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಪದಕ ಹಂಚಿ ಮುಗಿದಿತ್ತು. ಕಪ್ಪಾದ ಬಾಳೆಹಣ್ಣು ಉಳಿದಿದ್ದವು.

ಮೈಕಿನವನು ದೇವಾನಂದನನ್ನು ಕಂಡು ಬಾಯಿ ತೆರೆದ. "ಏನಾಯ್ತೋ ನಿನಗ? ಹೋದ ವರ್ಷ ಫಸ್ಟ್ ಬಂದಾವ! ಈ ಸಲನೂ ಅರ್ಧ ದಾರಿಯ ತಿರುವು ಮುಟ್ಟಿ ಎಲ್ಲರಿಗಿಂತ ಮುಂದ ವಾಪಸ್ ಬರ್ಲಿಕತ್ತಿದ್ದಿ ಅಂತ ತಿರುವಿನಾಗಿನವರು ಫೋನ್ ಮಾಡಿದ್ರು!"

ಕರುಣಾ ದೇವಾನಂದನ ಕಡೆ ತಿರುಗಿದಳು. ಇವನು... ಮುಂದಿದ್ದನೇ? ನನಗಾಗಿ ರಸ್ತೆ ಬಿಟ್ಟು ಬಂದನೇ?

ಪಕ್ಕದಲ್ಲೇ ಧರ್ಮಣ್ಣ ಗಾಡಿ ಹಿಡಿದು ನಿಂತಿದ್ದ. ದೇವಾನಂದ ಅವಳನ್ನೊಮ್ಮೆ ನೋಡಿದ.

"ಕಾಲು ಹಿಡ್ಕೊಂತ್ರಿ," ಅಂದ ಅಷ್ಟೇ.

ಅವನ ಕೆನ್ನೆಯ ಮೇಲೆ ಅವಳ ಬೆರಳು ಇನ್ನೂ ಕೆಂಪಗೆ ಮೂಡಿದ್ದವು. ಒಂದು ಥ್ಯಾಂಕ್ಸ್ ಕೂಡ ಅನ್ನಲಾಗಲಿಲ್ಲ ಅವಳಿಗೆ.

"ಎಷ್ಟನೇದಾಕಿ?" ಅಪ್ಪ ಕೇಳಿದ.

"ಕಡೀದಾಕಿ."

ಧರ್ಮಣ್ಣ ಗಾಡಿಗೆ ಕಿಕ್ ಹೊಡೆದ. ಅವಳನ್ನು ಕೂರಿಸಿಕೊಂಡು ಸೇಡಂನ ಮನೆಯತ್ತ ತಿರುಗಿಸಿದ.

ಅವನು ಕೆಟ್ಟ ಅಪ್ಪನಲ್ಲ. ಗೌಂಡಿ ಕೆಲಸದವನು, ಮಂದಿಯ ಮನೆಗೆ ಫರಸಿ ಹಾಸುವವನು. ಮಗಳು ಓಡಲು ಹೋದರೆ ತಿರುಗಿ ಬರುವ ತನಕ ಬಾಗಿಲಲ್ಲೇ ನಿಲ್ಲುತ್ತಿದ್ದ. ಹೆದರಿದ ಗಂಡಸಿಗೆ ಹೆದರಿಕೆ ಅನ್ನಲು ಬರುವುದಿಲ್ಲ, ಸಿಟ್ಟು ಮಾಡುತ್ತಾನೆ. ಅಷ್ಟೇ ಅವನ ತಪ್ಪು.

ಬೂಟು ಪ್ಲಾಸ್ಟಿಕ್ ಚೀಲ ಸೇರಿ ಅಟ್ಟ ಏರಿದವು. ಬೆಳಗ್ಗೆ ಎಚ್ಚರವಾದರೂ ಕರುಣಾ ಎದ್ದು ಏನು ಮಾಡಬೇಕೆಂದು ತಿಳಿಯದೆ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ತಾಯಿ ಲಾಲಮ್ಮ ಬಡಿಸಿದ ರೊಟ್ಟಿ ತಾಟಿನಲ್ಲೇ ಒಣಗುತ್ತಿತ್ತು.

ಓಟದ ದಿನ ಫೋನ್ ನಂಬರು ತೆಗೆದುಕೊಂಡಿದ್ದ ಖಾಲಾ ಒಮ್ಮೆ ಫೋನ್ ಮಾಡಿದಳು. "ಬೇಟಿ, ದೇವಾನಂದ ಕೇಳ್ತಾನ... ನೀ ಓಡ್ಲಿಕತ್ತಿ ಏನು ಅಂತ."

"ಇಲ್ಲ ಖಾಲಾ. ಮದಿವಿ ನಿಕ್ಕಿ ಆಗ್ಲಿಕತ್ತದ ಅಂತ ಹೇಳ್ರಿ."

ಹೇಳಿದ ಮೇಲೆ ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಕಾದಳು. ದೇವಾನಂದನ ಕರೆ ಬರಲೇ ಇಲ್ಲ. 'ಅವನಿಗೇನು? ಯಾರೋ ಮುಳುಗುತ್ತಿದ್ದಳು, ಎಳೆದ. ನಾನೇ ಹುಚ್ಚಿ...'

ಚಿಂಚೋಳಿಯವರು ಬರುವ ದಿನ ಬಂತು. ಲಾಲಮ್ಮ ಬರುವವರಿಗೆ ಸುಸಲಾ ಒಗ್ಗರಣೆ ಹಾಕಲು ಮಂಡಕ್ಕಿ ತೋಯಿಸಿಟ್ಟು, ದೊಡ್ಡ ಬುಟ್ಟಿ ತೆಗೆಯಲು ಗಂಡನನ್ನು ಅಟ್ಟಕ್ಕೆ ಹತ್ತಿಸಿದಳು. ಬುಟ್ಟಿಯ ಜೊತೆ ಚೀಲವೂ ಜಾರಿ ಬಿತ್ತು. ಬೂಟು ಹೊರಗುರುಳಿದವು.

ಧರ್ಮಣ್ಣ ಇಳಿದು ಒಂದನ್ನು ಕೈಗೆತ್ತಿಕೊಂಡ. ಉಗುರಿನಿಂದ ಕೆರೆದ. ಮತ್ತೆ ಕೆರೆದ. ಬೂಟನ್ನು ಬಾಗಿಲ ಬೆಳಕಿಗೆ ಹಿಡಿದ.

"ಕರುಣಾ... ಇದು ರಸ್ತಾದ ಧೂಳಲ್ಲ. ಪಾಲಿಶ್ ಕೆಸರು. ಇಷ್ಟು ಒಳಗ ಹೋದ ಕಾಲು ತಾನಾಗಿ ಹೊರಗ ಬರಂಗಿಲ್ಲ. ಯಾರು ಎಳದರು ನಿನಗ?"

ತಡೆದಿಟ್ಟದ್ದೆಲ್ಲ ಒಡೆದುಹೋಯಿತು. ಅಳುತ್ತಳುತ್ತ ಎಲ್ಲ ಹೇಳಿದಳು. ಬಾಣ, ಖಣಿ, ಏಟು, ಕಾಲು ಹಿಡಿಯಿತು ಅಂದ ಸುಳ್ಳು.

"ನನಗ್ಯಾಕ ಹೇಳ್ಲಿಲ್ಲವಾ?"

"ಹೇಳಿದ್ರ ಓಡೋದು ಬಿಡಿಸ್ತಿದ್ದಿ, ಯಪ್ಪಾ."

ಧರ್ಮಣ್ಣ ಬೂಟನ್ನು ಮಗಳ ಮುಂದೆ ಇಟ್ಟ. "ಹೇಳ್ಲಿಲ್ಲ... ಆದ್ರೂ ಬಿಡಿಸಿದೆನಲ್ಲ," ಅಂದ. ಮಗಳು ಕಂಡಂತೆ ಅವನ ಕಣ್ಣು ತುಂಬಿದ್ದು ಅದೇ ಮೊದಲು.

ಎದ್ದು ಚಿಂಚೋಳಿಗೆ ಫೋನ್ ಹಚ್ಚಿದ. "ಇವತ್ತ ಬರಬ್ಯಾಡ್ರಿ. ನನ್ನ ಮಗಳು ಓಡಾಕೀನೇ. ಅದು ನಿಮಗ ಒಗ್ಗಂಗಿಲ್ಲ."

"ಸುಸಲಾ ಏನ್ ಮಾಡ್ಲಿ ನಾ!" ಲಾಲಮ್ಮ ಕೂಗಿದಳು.

"ಡಬ್ಬಿಗಿ ಹಾಕು. ಶಹಾಬಾದಕ್ಕ ಒಯ್ತೀವಿ. ಕರುಣಾ, ಗಾಡಿ ಹತ್ತು."

ಖಾಲಾ ಫೋನಿನಲ್ಲಿ ಹೇಳಿದಂತೆ ಖಣಿಯ ಕವಲು ದಾರಿಯಲ್ಲಿ ದೇವಾನಂದ ಒಬ್ಬನೇ ಇದ್ದ. ಒಡೆದ ಫರಸಿಗಳನ್ನು ಹೊತ್ತು ತಂದು ಖಣಿಯ ದಾರಿಗೆ ಅಡ್ಡಲಾಗಿ ಸಾಲಾಗಿ ನೆಡುತ್ತಿದ್ದ. ಲಾರಿಯವರಿಗೆ ಹೇಳಿ ಅವರ ಬಾಣವನ್ನೂ ಅಳಿಸಿದ್ದ. ಧೂಳು ತುಂಬಿದ ಮುಖ ಎತ್ತಿ ನೋಡಿದವನು ಹಾಗೇ ನಿಂತುಬಿಟ್ಟ.

"ಜೈಭೀಮ್ ರೀ, ಕಾಕಾ..."

"ಜೈಭೀಮ್." ಧರ್ಮಣ್ಣ ಒಂದು ಕಲ್ಲನ್ನು ಅಲುಗಾಡಿಸಿ ನೋಡಿದ. "ತಳಾ ಗಟ್ಟಿ ಇಲ್ಲೋ ಇದು. ಸಲಿಕಿ ಕೊಡಿಲ್ಲಿ."

ಸಲಿಕೆ ಇಸಿದುಕೊಂಡು ಸಾಲಿನ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ಅಗೆಯತೊಡಗಿದ.

ಇಬ್ಬರೇ ಉಳಿದರು. ಕರುಣಾ ಒಂದು ಹೆಜ್ಜೆ ಹತ್ತಿರ ಬಂದಳು.

"ಫೋನ್ ಮಾಡ್ಲಿಲ್ಲ ನೀವು..."

"ಮದಿವಿ ಅಂದ್ರಿ. ಅಂದಮ್ಯಾಲ ಏನಂತ ಮಾಡ್ಲಿ? ಸಂಕಟ ಆಯ್ತು, ಕಲ್ಲು ಹೊತ್ತೆ."

"ಆ ಸಂಬಂಧ ಬಿಟ್ಟದ್ರಿ. ಅಪ್ಪನೇ ಬ್ಯಾಡಂದ." ಅವಳು ತಲೆ ತಗ್ಗಿಸಿದಳು. "ನನ್ನಿಂದ ನಿಮ್ಮ ಓಟ ಹೋಯ್ತು."

"ಓಟದ್ದು ನನಗ ಒಂದಿನಾನೂ ನೆನಪಾಗಿಲ್ರಿ. ಅವತ್ತ ನಾ ಈ ಕಡಿ ನೋಡದೇ ಹಂಗೇ ಹೋಗಿದ್ರ... ಅದು ನೆನಪಾದ್ರ ಊಟ ಹೋಗಂಗಿಲ್ಲ." ದನಿ ತಗ್ಗಿತು. "ನಿಮಗ ಹಿಂದ ಬಿಟ್ಟು ಮುಂದ ಓಡೋದು ಇನ್ನ ನನ್ನ ಕೈಲಿ ಆಗಂಗಿಲ್ಲ, ಕರುಣಾ."

ಅವಳು ನಿಧಾನಕ್ಕೆ ತೋಳು ಮುಂದೆ ಚಾಚಿದಳು. ಅವತ್ತು ಅವನು ಹಿಡಿದಿದ್ದ ಅದೇ ತೋಳು.

ದೇವಾನಂದ ಗಾಬರಿಯಿಂದ ಆ ತುದಿಗೆ ನೋಡಿದ. "ಕಾಕಾ ಅದಾರ..."

"ಅವರ ಬೆನ್ನಿಗಿ ಕಣ್ಣಿಲ್ರಿ."

"ಕಿವಿ ಅವ!" ಅಂದ ಧರ್ಮಣ್ಣ, ತಿರುಗದೆ.

ಎಷ್ಟೋ ದಿನದ ಮೇಲೆ ಕರುಣಾ ಬಾಯಿತುಂಬ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು.

"ಹಿಡೀರಿ... ಈ ಸಲ ಹೊಡಿಯಂಗಿಲ್ಲ."